ಒಂದೇ ದೇಹ, ಎರಡು ಫೈಲು: ವಿಕಿರಣ ಮತ್ತು ಇಮ್ಯುನೋಥೆರಪಿಯ ಜೋಡಿ ಚಿಕಿತ್ಸೆಯ ವಿಮರ್ಶೆ

ಬೆಂಗಳೂರಿನ ಖಾಸಗಿ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಎಡಸ್ತನದ ಕ್ಯಾನ್ಸರಿಗೆ ಹದಿನೈದು ತಿಂಗಳು ಚಿಕಿತ್ಸೆ ಪಡೆದು, ಕಳೆದ ತಿಂಗಳು ಕೊನೆಯ ಡೋಸ್ ಮುಗಿಸಿಕೊಂಡು ತುಮಕೂರಿಗೆ ಮರಳಿದ್ದೇನೆ. ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ವೈದ್ಯಳಲ್ಲ. ಆದರೆ ಇಷ್ಟು ಹಣ, ಇಷ್ಟು ದಿನ ಮತ್ತು ಇಷ್ಟು ನಂಬಿಕೆಯನ್ನು ಒಪ್ಪಿಸಿದ ಸೇವೆಯೊಂದರ ಬಗ್ಗೆ ವಿವರವಾಗಿ ಬರೆದಿಡುವುದು ನನ್ನ ನಂತರ ಅದೇ ಬಾಗಿಲಲ್ಲಿ ನಿಲ್ಲುವವರಿಗೆ ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ. ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ. ನಾನು ಕಂಡ ಕೊರತೆ ಆ ಒಂದು ಕಟ್ಟಡಕ್ಕೆ ಸೀಮಿತವಾದುದಲ್ಲವೆಂಬುದು, ಬೇರೆ ಬೇರೆ ಕಡೆ ಚಿಕಿತ್ಸೆ ಪಡೆದು ಅಲ್ಲಿಗೆ ಬಂದು ನನ್ನ ಪಕ್ಕದಲ್ಲಿ ಕಾಯುತ್ತ ಕುಳಿತಿದ್ದ ಹೆಂಗಸರ ಮಾತಿನಿಂದಲೇ ನನಗೆ ತಿಳಿಯಿತು. ಔಷಧಕ್ಕೆ ಪೂರ್ಣ ಅಂಕ ಕೊಡುತ್ತೇನೆ, ಯಂತ್ರಕ್ಕೂ ಅದನ್ನು ನಡೆಸುವವರಿಗೂ ಪೂರ್ಣ ಅಂಕ ಕೊಡುತ್ತೇನೆ. ಅವೆರಡನ್ನೂ ಒಬ್ಬಳೇ ರೋಗಿಯ ಮೈಯಲ್ಲಿ ಜೋಡಿಸಬೇಕಾದ ವ್ಯವಸ್ಥೆಗೆ ಮಾತ್ರ ಕೊಡಲಾರೆ.

ನನಗಿದ್ದದ್ದು ಟ್ರಿಪಲ್ ನೆಗೆಟಿವ್ ಎಂದು ಕರೆಯುವ ಬಗೆ. ಈಸ್ಟ್ರೋಜೆನ್ ಗ್ರಾಹಕ, ಪ್ರೊಜೆಸ್ಟೆರಾನ್ ಗ್ರಾಹಕ ಮತ್ತು ಹರ್-2 ಎಂಬ ಪ್ರೋಟೀನು, ಈ ಮೂರನ್ನೂ ಬಯಾಪ್ಸಿಯಲ್ಲಿ ಹುಡುಕುತ್ತಾರೆ. ಮೂರೂ ಸಿಗದಿದ್ದಾಗ ಹಾರ್ಮೋನು ಮಾತ್ರೆಗಳೂ ಹರ್-2 ಇಂಜೆಕ್ಷನ್ನುಗಳೂ ಕೆಲಸಕ್ಕೆ ಬರುವುದಿಲ್ಲ. ಗೆಡ್ಡೆ ಮೂರು ಸೆಂಟಿಮೀಟರ್ ಇತ್ತು, ಕಂಕುಳಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಮೂರು ವಾರಕ್ಕೊಮ್ಮೆಯಂತೆ ಎಂಟು ಸೈಕಲ್ ಕೀಮೋ, ಮೊದಲ ನಾಲ್ಕರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, ಉಳಿದ ನಾಲ್ಕರಲ್ಲಿ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್, ಎಂಟರಲ್ಲೂ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಔಷಧ. ಆನಂತರ ಗೆಡ್ಡೆ ಇದ್ದ ಭಾಗವನ್ನಷ್ಟೇ ತೆಗೆಯುವ ಆಪರೇಷನ್. ಆಮೇಲೆ ವಿಕಿರಣ, ಅದರ ಜೊತೆಜೊತೆಗೇ ಪೆಂಬ್ರೊಲಿಜುಮ್ಯಾಬ್ ಒಂಬತ್ತು ಡೋಸ್. ಇದೇ ನನ್ನ ಚಿಕಿತ್ಸೆಯ ಪೂರ್ಣ ಪಟ್ಟಿ. ಇದು ಆಸ್ಪತ್ರೆಯ ಸ್ವಂತ ಆವಿಷ್ಕಾರವೇನಲ್ಲ. ಕೀನೋಟ್-522 ಎಂಬ, 1,174 ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಪ್ರಯೋಗದಿಂದ ಬಂದ ಕ್ರಮವಿದು; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಜುಲೈನಲ್ಲಿ ಇದನ್ನು ಅನುಮೋದಿಸಿತು. ಐದು ವರ್ಷಗಳ ನಂತರ ಬದುಕಿದ್ದವರ ಪ್ರಮಾಣ ಕೀಮೋ ಮಾತ್ರ ಪಡೆದವರಲ್ಲಿ ನೂರಕ್ಕೆ 81.7 ಇದ್ದರೆ, ಪೆಂಬ್ರೊಲಿಜುಮ್ಯಾಬ್ ಸೇರಿಸಿದವರಲ್ಲಿ 86.6 ಇತ್ತೆಂದು 2024ರಲ್ಲಿ ಪ್ರಕಟವಾಯಿತು. ಐದರ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. ಕೀಮೋ ವಾರ್ಡಿನಲ್ಲಿ ಸಾಲಾಗಿ ಹಾಕಿದ ಇಪ್ಪತ್ತು ಕುರ್ಚಿಗಳನ್ನು ನೋಡುತ್ತ ಲೆಕ್ಕ ಹಾಕಿದರೆ ಅದು ಒಬ್ಬ ಮನುಷ್ಯಳು, ಮತ್ತು ಆಕೆಯ ಮನೆಯವರು.

ಡ್ರಿಪ್ ಹಾಕಿಸಿಕೊಂಡು ಅಂದೇ ಮನೆಗೆ ಹೋಗುವ ಡೇ ಕೇರ್ ವಿಭಾಗದಿಂದ ಆರಂಭಿಸುತ್ತೇನೆ. ಪೆಂಬ್ರೊಲಿಜುಮ್ಯಾಬ್ ಬರುವುದು ಬೆರಳುದ್ದದ ಗಾಜಿನ ವಯಲ್‌ನಲ್ಲಿ. ಒಂದರಲ್ಲಿ ನಾಲ್ಕು ಮಿಲಿಲೀಟರ್ ದ್ರವ, ಅದರಲ್ಲಿ 100 ಮಿಲಿಗ್ರಾಂ ಔಷಧ. ನನ್ನ ಡೋಸಿಗೆ ಎರಡು ವಯಲ್ ಬೇಕು. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ, ಕೀಮೋದಂತೆ ಹೊಟ್ಟೆ ತೊಳಸುವುದಿಲ್ಲ, ಕೂದಲು ಉದುರುವುದಿಲ್ಲ. ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ಪ್ರತಿ ಸಲವೂ ಥರ್ಮಕೋಲ್ ಪೆಟ್ಟಿಗೆಯನ್ನು ನನ್ನೆದುರೇ ತೆರೆದು, ಐಸ್ ಪ್ಯಾಕ್ ಇನ್ನೂ ಗಟ್ಟಿಯಾಗಿದೆಯೇ ಎಂದು ನನ್ನ ಕೈಯಿಂದಲೇ ಮುಟ್ಟಿಸಿ, ಸೀಲು ತೋರಿಸಿ, ಬ್ಯಾಚ್ ನಂಬರನ್ನು ಗಟ್ಟಿಯಾಗಿ ಓದಿ, ಡ್ರಿಪ್ ಮುಗಿದ ಮೇಲೆ ಎರಡು ವಯಲ್‌ಗಳ ಲೇಬಲನ್ನೂ ಬಿಡಿಸಿ ನನ್ನ ಫೈಲಿಗೆ ಅಂಟಿಸಿ, ಖಾಲಿ ಗಾಜನ್ನು ನಾನು ನೋಡುತ್ತಿದ್ದಂತೆಯೇ ಒಡೆಯುವ ಡಬ್ಬಿಗೆ ಹಾಕುತ್ತಿದ್ದರು. ಮೊದಮೊದಲು ಇದು ಅತಿಯಾದ ಶಿಸ್ತು ಎನ್ನಿಸಿತ್ತು. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಹಿಡಿದ ಜಾಲವೊಂದು ದುಬಾರಿ ಕ್ಯಾನ್ಸರ್ ಔಷಧಗಳ ಖಾಲಿ ವಯಲ್‌ಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಬೇರೇನನ್ನೋ ತುಂಬಿ ಮಾರುತ್ತಿತ್ತು ಎಂಬುದನ್ನೂ, ಆ ಔಷಧಗಳ ಪೈಕಿ ನನ್ನದೇ ಪೆಂಬ್ರೊಲಿಜುಮ್ಯಾಬ್ (ಮಾರಾಟದ ಹೆಸರು ಕೀಟ್ರೂಡಾ) ಕೂಡ ಇತ್ತೆಂಬುದನ್ನೂ ಆ ಸಿಸ್ಟರೇ ತಿಳಿಸಿದ ಮೇಲೆ, ಆ ಹತ್ತು ನಿಮಿಷ ನನ್ನ ಪಾಲಿಗೆ ಚಿಕಿತ್ಸೆಯ ಭಾಗವೇ ಆಯಿತು. ಈ ಔಷಧ ತೆಗೆದುಕೊಳ್ಳುವ ಯಾರೇ ಆಗಲಿ, ಖಾಲಿ ವಯಲ್ ಎಲ್ಲಿಗೆ ಹೋಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಬೇಕು.

ಔಷಧದ ಕೆಲಸವನ್ನು ಡೇ ಕೇರ್ ವೈದ್ಯರು ನನಗೆ ಚೆನ್ನಾಗಿ ವಿವರಿಸಿದರು. ನಮ್ಮ ಮೈಯನ್ನು ಕಾಯುವ ಟಿ ಕೋಶಗಳ ಮೇಲೆ ಪಿಡಿ-1 ಎಂಬ ತಡೆ ಇರುತ್ತದೆ. ಕಾವಲು ಕೋಶಗಳು ಮಿತಿಮೀರಿ ಸ್ವಂತ ಅಂಗಗಳ ಮೇಲೆಯೇ ಏರಿ ಹೋಗದಂತೆ ಅದು ಹಿಡಿದಿಡುತ್ತದೆ. ಕ್ಯಾನ್ಸರ್ ಕೋಶ ಆ ತಡೆಯನ್ನು ಒತ್ತಿ ಹಿಡಿದು ತಾನು ಪಾರಾಗುತ್ತದೆ. ಪೆಂಬ್ರೊಲಿಜುಮ್ಯಾಬ್ ಆ ಒತ್ತುವಿಕೆಯನ್ನು ತಪ್ಪಿಸುತ್ತದೆ. ಪಿಡಿ-1 ಅನ್ನು ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೂ, ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ 2018ರಲ್ಲಿ ನೊಬೆಲ್ ಬಂದದ್ದು ಇದಕ್ಕೇ. ಆದರೆ ತಡೆ ಸಡಿಲವಾದ ಕಾವಲುಗಾರ ಥೈರಾಯ್ಡ್, ಶ್ವಾಸಕೋಶ, ಕರುಳು, ಯಕೃತ್ತು, ಅಡ್ರಿನಲ್ ಗ್ರಂಥಿ, ಅಪರೂಪಕ್ಕೆ ಹೃದಯದ ಮೇಲೂ ತಿರುಗಿಬೀಳಬಹುದು. ಡೇ ಕೇರ್‌ನವರು ಈ ಪಟ್ಟಿಯನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಟ್ಟಿದ್ದರು. ಆ ಹಾಳೆಗಾಗಿ ಅವರಿಗೆ ನಾನು ಋಣಿ.

ವಿಕಿರಣ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ನಮ್ಮ ಕಡೆ ಇದನ್ನು 'ಕರೆಂಟ್ ಕೊಡಿಸುವುದು' ಎನ್ನುತ್ತಾರೆ, ಅದರಿಂದಾಗಿ ಮೈಗೆ ಶಾಕ್ ಹೊಡೆಯುತ್ತದೆಂದೂ, ಮನೆಗೆ ಬಂದವಳನ್ನು ಮಕ್ಕಳು ಮುಟ್ಟಬಾರದೆಂದೂ ತಿಳಿದವರು ಬಹಳ. ಹೊರಗಿನ ಯಂತ್ರದಿಂದ ಬರುವ ಕಿರಣ ಯಂತ್ರ ನಿಂತ ಕ್ಷಣವೇ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ನಾನು ಪ್ರತಿ ಸಂಜೆ ರಾಜಾಜಿನಗರದ ಅಕ್ಕನ ಮನೆಯಲ್ಲಿ ಅವಳ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಇರುತ್ತಿದ್ದೆ. ನನಗೆ ಬರೆದಿದ್ದು ಇಪ್ಪತ್ತು ಸಿಟಿಂಗ್: ಇಡೀ ಸ್ತನಕ್ಕೆ ಹದಿನೈದರಲ್ಲಿ 40 ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), ಗೆಡ್ಡೆ ಇದ್ದ ಜಾಗಕ್ಕೆ ಹೆಚ್ಚುವರಿ ಐದು. ಹಿಂದೆಲ್ಲ ಐದು ವಾರ ಕೊಡುತ್ತಿದ್ದುದನ್ನು ಮೂರು ವಾರಕ್ಕೆ ಇಳಿಸಬಹುದೆಂದು ಬ್ರಿಟನ್ನಿನ ಪ್ರಯೋಗಗಳು ತೋರಿಸಿಕೊಟ್ಟವು; 2020ರಲ್ಲಿ ಅವರೇ ಐದು ಸಿಟಿಂಗಿನ 26 ಗ್ರೇ ಸಾಕೆಂಬುದನ್ನೂ ತೋರಿಸಿದರು. ಊರಿನಿಂದ ಬಂದು ಬಾಡಿಗೆ ಕೋಣೆಯಲ್ಲಿ ಉಳಿಯುವವರಿಗೆ ಒಂದೊಂದು ವಾರದ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎಡಭಾಗಕ್ಕೆ ಕಿರಣ ಕೊಡುವಾಗ ಹೃದಯವನ್ನು ಕಾಪಾಡುವುದಕ್ಕೆ ಒಂದು ಉಪಾಯವಿದೆ. ಉಸಿರನ್ನು ಆಳವಾಗಿ ಎಳೆದು ಹಿಡಿದಾಗ ಶ್ವಾಸಕೋಶ ಉಬ್ಬಿ ಎದೆಗೂಡು ಮೇಲೇಳುತ್ತದೆ, ಹೃದಯ ಕೆಳಗೂ ಹಿಂದಕ್ಕೂ ಸರಿಯುತ್ತದೆ. ಆ ಇಪ್ಪತ್ತು ಸೆಕೆಂಡುಗಳಲ್ಲಿ ಮಾತ್ರ ಯಂತ್ರ ಕಿರಣ ಬಿಡುತ್ತದೆ. ಮುಖದ ಮೇಲಿನ ಸಣ್ಣ ಪರದೆಯಲ್ಲಿ ಹಳದಿ ಗೆರೆಯೊಂದು ನನ್ನ ಉಸಿರಿನೊಡನೆ ಏರಿಳಿಯುತ್ತಿತ್ತು, ಅದನ್ನು ಹಸಿರು ಪಟ್ಟಿಯೊಳಗೆ ನಿಲ್ಲಿಸಬೇಕು. ಸ್ಪೀಕರಿನಲ್ಲಿ ಟೆಕ್ನಿಷಿಯನ್ ಹುಡುಗನ ದನಿ ಬರುತ್ತಿತ್ತು: "ಉಸಿರು ಎಳ್ಕೊಳ್ಳಿ ಅಮ್ಮಾ... ಇನ್ನೂ ಸ್ವಲ್ಪ... ಹಿಡೀರಿ... ಹಾಗೇ ಇರಿ... ಹ್ಞಾ, ಬಿಡಿ." ಕಿರಣದ ನಕ್ಷೆ ಹಾಕಲು ತೆಗೆಯುವ ಸ್ಕ್ಯಾನಾದ ಸಿಟಿ ಸಿಮ್ಯುಲೇಷನ್ ಮಾಡುವ ಮುಂಚಿನ ವಾರ ಆತ ಮನೆಯಲ್ಲಿ ಅಭ್ಯಾಸ ಮಾಡಲು ಹೇಳಿಕೊಟ್ಟಿದ್ದ, ಅಕ್ಕನ ಮೊಮ್ಮಗಳು ಪಕ್ಕದಲ್ಲಿ ಕುಳಿತು ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಮೂರನೆಯ ಸಿಟಿಂಗಿನಲ್ಲಿ ಗೆರೆ ಪಟ್ಟಿಯಿಂದ ಜಾರುತ್ತಲೇ ಇತ್ತು. ಆತ ಒಮ್ಮೆಯೂ ಅವಸರಪಡಿಸದೆ ಒಳಗೆ ಬಂದು, ತೋಳಿನ ಆಸರೆಯನ್ನು ಸರಿಪಡಿಸಿ, ಎದೆಯ ಮೇಲಿನ ಮೂರು ಹಚ್ಚೆ ಚುಕ್ಕಿಗಳನ್ನು ಲೇಸರ್ ಗೆರೆಗೆ ಮತ್ತೆ ಹೊಂದಿಸಿ, ಮೊದಲಿನಿಂದ ಶುರು ಮಾಡಿದ. ಯಂತ್ರ ಕೆಟ್ಟು ಒಂದು ದಿನ ತಪ್ಪಿದಾಗ ಶನಿವಾರ ಕರೆಸಿ ಆ ಸಿಟಿಂಗ್ ಮುಗಿಸಿಕೊಟ್ಟರು. ಹದಿನಾರನೆಯ ಸಿಟಿಂಗಿನ ಹೊತ್ತಿಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಚರ್ಮ ಕಪ್ಪಾಗಿ ಸುಲಿಯಿತು. ಮುಲಾಮಿನ ಜೊತೆ, ಬ್ರಾ ಬಿಟ್ಟು ಹಳೆಯ ಕಾಟನ್ ಸೀರೆಯ ಮೆತ್ತನೆಯ ತುಂಡನ್ನು ಮಡಚಿ ಇಟ್ಟುಕೊಳ್ಳಿ ಎಂದು ಅಲ್ಲಿನ ಸಿಸ್ಟರ್ ಹೇಳಿದ ಮಾತು ಬಹಳ ನೆರವಾಯಿತು.

ಎರಡೂ ವಿಭಾಗಗಳು ಹೀಗಿದ್ದವು. ಮೂರನೆಯ ಮಹಡಿಯ ಡೇ ಕೇರ್‌ಗೆ ಹಸಿರು ಫೈಲು, ನೆಲಮಾಳಿಗೆಯ ವಿಕಿರಣಕ್ಕೆ ನೀಲಿ ಫೈಲು. ಕಂಪ್ಯೂಟರಿನಲ್ಲೂ ಅವು ಬೇರೆ ಬೇರೆ ಎಂಬುದು ನನಗೆ ಗೊತ್ತಾದದ್ದು ತಡವಾಗಿ.

ವಿಕಿರಣದ ಮೊದಲ ದಿನವೇ ಪೆಂಬ್ರೊಲಿಜುಮ್ಯಾಬ್‌ನ ಒಂದು ಡೋಸ್ ಇತ್ತು. ಅದಕ್ಕಾಗಿ ಮುನ್ನಾದಿನ ತೆಗೆದ ರಕ್ತದಲ್ಲಿ, ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಹಾರ್ಮೋನಾದ ಟಿಎಸ್‌ಎಚ್ ಪರೀಕ್ಷೆಯೂ ಸೇರಿತ್ತು. ಅದರ ವರದಿ ಮರುದಿನ ಬರುವುದರಿಂದ, ಉಳಿದ ಫಲಿತಾಂಶಗಳನ್ನು ನೋಡಿ ಡೋಸ್ ಕೊಟ್ಟರು. ಎರಡನೆಯ ವಾರದಿಂದ ನನಗೆ ಆಯಾಸ ಶುರುವಾಯಿತು. ಸುಸ್ತು ಎಂಬ ಪದ ಅದಕ್ಕೆ ಸಾಲದು: ಮೆಟ್ಟಿಲು ಹತ್ತಿ ನಡುವೆ ಕುಳಿತುಬಿಡುತ್ತಿದ್ದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಶಾಲು ಹೊದ್ದುಕೊಳ್ಳುತ್ತಿದ್ದೆ, ಮಾತಾಡುವಾಗ ದನಿ ದಪ್ಪಗಾಗಿತ್ತು. ವಿಕಿರಣ ವಿಭಾಗದ ವಾರದ ತಪಾಸಣೆಯಲ್ಲಿ ಎರಡು ಸಲ ಹೇಳಿದೆ. "ಕರೆಂಟ್ ಕೊಡುವಾಗ ಆಯಾಸ ಸಹಜ, ಚೆನ್ನಾಗಿ ನೀರು ಕುಡಿಯಿರಿ" ಎಂಬ ಉತ್ತರ ಬಂತು. ಆ ಮಾತು ತಪ್ಪೇನಲ್ಲ. ವಿಕಿರಣದಿಂದ ಆಯಾಸ ಆಗುವುದು ನಿಜ. ಇಪ್ಪತ್ತೆರಡನೆಯ ದಿನ ಮುಂದಿನ ಡೋಸಿಗೆಂದು ಮೇಲೆ ಹೋದಾಗ ಹಿರಿಯ ಸಿಸ್ಟರ್ ನನ್ನ ಮುಖ ನೋಡಿ, ಹಸಿರು ಫೈಲು ತೆರೆದು ಸುಮ್ಮನಾದರು. ಮೂರು ವಾರಗಳ ಹಿಂದಿನ ಟಿಎಸ್‌ಎಚ್ ವರದಿ ಅದರಲ್ಲಿತ್ತು: 38. ಇರಬೇಕಾದದ್ದು ಹೆಚ್ಚೆಂದರೆ ನಾಲ್ಕೈದು. ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸುತ್ತಿತ್ತು, ಅದರ ವರದಿ ನನ್ನ ತಲೆಯ ಮೇಲಿನ ಮಹಡಿಯಲ್ಲಿತ್ತು, ಕೆಳಗೆ ನನಗೆ ನೀರು ಕುಡಿಯಲು ಹೇಳುತ್ತಿದ್ದರು.

ಕೀನೋಟ್-522ರಲ್ಲಿ ಈ ಔಷಧ ಪಡೆದ ನೂರು ಜನರಲ್ಲಿ ಸುಮಾರು 15 ಮಂದಿಗೆ ಥೈರಾಯ್ಡ್ ಕುಂದಿತ್ತು. ಅಂದರೆ ಇದು ಯಾರೂ ಊಹಿಸಲಾಗದ ಅಪರೂಪದ ತೊಡಕಲ್ಲ. ಕಣ್ಣಿಟ್ಟು ನೋಡುತ್ತಿರಬೇಕಾದ, ಸುಲಭವಾಗಿ ಸರಿಪಡಿಸಬಹುದಾದ ತೊಡಕು. ಗೊತ್ತಾದ ಮೇಲೆ ವೈದ್ಯರು ನಡೆದುಕೊಂಡ ರೀತಿ ಮೆಚ್ಚುವಂಥದು. ಮಾತ್ರೆ ಬರೆಯುವ ಮುಂಚೆ ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರು, ಏಕೆಂದರೆ ಇದೇ ಔಷಧದಿಂದ ಅಡ್ರಿನಲ್ ಗ್ರಂಥಿಯೂ ಸೋತಿದ್ದರೆ, ಅದನ್ನು ಗಮನಿಸದೆ ಥೈರಾಯ್ಡ್ ಮಾತ್ರೆ ಮಾತ್ರ ಕೊಡುವುದು ಅಪಾಯ. ಅದು ಸರಿಯಿತ್ತು. ಮಾತ್ರೆ ಶುರುವಾಗಿ ಒಂದು ತಿಂಗಳಲ್ಲಿ ನಾನು ಮತ್ತೆ ಮೆಟ್ಟಿಲು ಹತ್ತಿದೆ. ಆದರೆ ಕಳೆದುಹೋದ ಮೂರು ವಾರಗಳ ಬಗ್ಗೆ ಲಿಖಿತ ದೂರು ಕೊಟ್ಟೆ. ವಿನಯದ ಉತ್ತರ ಬಂತು, ಫೈಲುಗಳು ಎರಡಾಗಿಯೇ ಉಳಿದವು.

ಇನ್ನೊಂದು ವಿಷಯವನ್ನು ನೇರವಾಗಿ ಹೇಳಬೇಕು. ದಾಖಲಾಗುವಾಗ ಕೊಟ್ಟ ಬಣ್ಣದ ಕೈಪಿಡಿಯಲ್ಲಿ, ವಿಕಿರಣವು ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ, ಇಮ್ಯುನೋಥೆರಪಿ ಅದನ್ನು ಮುನ್ನಡೆಸುತ್ತದೆ, ಹೀಗೆ ಒಂದು ಮತ್ತೊಂದು ಸೇರಿ ಎರಡಕ್ಕಿಂತ ಹೆಚ್ಚಾಗುತ್ತದೆ ಎಂಬರ್ಥದ ಮಾತಿತ್ತು. ಇದರ ಹಿಂದೆ ನಿಜವಾದ ವಿಜ್ಞಾನವಿದೆ. ಕಿರಣಕ್ಕೆ ಸಿಕ್ಕಿ ಸಾಯುವ ಕ್ಯಾನ್ಸರ್ ಕೋಶ ತನ್ನ ಒಳಗಿನ ಗುರುತುಗಳನ್ನು ಹೊರಚೆಲ್ಲುತ್ತದೆ, ಡೆಂಡ್ರೈಟಿಕ್ ಕೋಶಗಳು ಅವನ್ನು ಹೆಕ್ಕಿ ಟಿ ಕೋಶಗಳಿಗೆ ತೋರಿಸುತ್ತವೆ, ಆಗ ಕಿರಣ ತಾಗದ ಜಾಗದ ಗೆಡ್ಡೆಯೂ ಕರಗಬಹುದು. ಇದಕ್ಕೆ 1953ರಲ್ಲೇ ಬ್ರಿಟನ್ನಿನ ಮೋಲ್ ಎಂಬ ವಿಜ್ಞಾನಿ ಆಬ್‌ಸ್ಕೋಪಲ್ ಪರಿಣಾಮ ಎಂದು ಹೆಸರಿಟ್ಟಿದ್ದರು. ಆದರೆ ಸ್ತನ ಕ್ಯಾನ್ಸರಿನಲ್ಲಿ ಇದರ ಫಲ ಈವರೆಗೆ ಸಣ್ಣದು. ಹರಡಿದ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿರುವ 17 ಮಂದಿಗೆ ವಿಕಿರಣದ ಜೊತೆ ಪೆಂಬ್ರೊಲಿಜುಮ್ಯಾಬ್ ಕೊಟ್ಟ, 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕಿರಣ ತಾಗದ ಗೆಡ್ಡೆ ಕುಗ್ಗಿದ್ದು ಮೂವರಲ್ಲಿ. ನೆದರ್ಲೆಂಡ್ಸಿನ ಟಾನಿಕ್ ಪ್ರಯೋಗದಲ್ಲಿ ನಿವೊಲುಮ್ಯಾಬ್ ಎಂಬ ಸೋದರ ಔಷಧಕ್ಕೆ ಮುಂಚೆ ಕೆಲವರಿಗೆ ವಿಕಿರಣ, ಕೆಲವರಿಗೆ ಕಡಿಮೆ ಪ್ರಮಾಣದ ಕೀಮೋ ಕೊಟ್ಟಿದ್ದರು. ಡಾಕ್ಸೊರುಬಿಸಿನ್ ಪಡೆದವರಲ್ಲಿ ನೂರಕ್ಕೆ 35 ಮಂದಿ ಸ್ಪಂದಿಸಿದರೆ, ವಿಕಿರಣ ಪಡೆದವರಲ್ಲಿ 8. ಗೆಡ್ಡೆ ಕುಗ್ಗಿದ ಆ ಮೂವರ ಬದುಕಿನಲ್ಲಿ ಅದು ಎಷ್ಟು ದೊಡ್ಡದಾಗಿತ್ತು ಎಂಬುದನ್ನು ನಾನು ಬಲ್ಲೆ. ಸಂಶೋಧನೆ ಮುಂದುವರಿಯಲಿ, ಎಷ್ಟು ಗ್ರೇ, ಎಷ್ಟು ಸಿಟಿಂಗ್, ಯಾವುದು ಮೊದಲು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಲಿ ಎಂದು ಮನಸಾರೆ ಹಾರೈಸುತ್ತೇನೆ. ಆದರೆ ನನಗೆ ಕೊಟ್ಟದ್ದು ಅದಲ್ಲ. ನನ್ನ ಪಾಲಿನ ವಿಕಿರಣ, ಸ್ತನವನ್ನು ಉಳಿಸಿಕೊಂಡವರಿಗೆ ಅದೇ ಜಾಗದಲ್ಲಿ ರೋಗ ಮರಳದಂತೆ ಹತ್ತಾರು ವರ್ಷಗಳಿಂದ ಕೊಡುತ್ತ ಬಂದ ವಿಕಿರಣ. ನನ್ನ ಪಾಲಿನ ಪೆಂಬ್ರೊಲಿಜುಮ್ಯಾಬ್, ರೋಗ ಬೇರೆಡೆ ತಲೆಯೆತ್ತದಂತೆ ಕೊಡುವ ಔಷಧ. ಎರಡೂ ಒಂದೇ ಕಾಲದಲ್ಲಿ ನಡೆದವು, ಅಷ್ಟೇ. ಕೀನೋಟ್-522ರಲ್ಲೂ ವಿಕಿರಣಕ್ಕೆ ಅವಕಾಶ ಕೊಟ್ಟಿದ್ದರೇ ವಿನಾ ಜೋಡಿಯ ಬಲವನ್ನು ಅಳೆದಿರಲಿಲ್ಲ. ಕೈಪಿಡಿಯ ಆ ಪುಟ ಬದಲಾಗಬೇಕು. ಹೆದರಿದ ಮನುಷ್ಯರು ಅಂಥ ಪುಟವನ್ನು ರಾತ್ರಿಯೆಲ್ಲ ಓದುತ್ತಾರೆ.

ಜೋಡಿ ಚಿಕಿತ್ಸೆಯಲ್ಲಿ ಖಂಡಿತವಾಗಿ ಜೋಡಿಯಾಗುವುದು ಒಂದಿದೆ, ಅದು ಶ್ವಾಸಕೋಶದ ಮೇಲಿನ ಹೊರೆ. ಕಿರಣದಿಂದಲೂ ಶ್ವಾಸಕೋಶದಲ್ಲಿ ಉರಿಯೂತ ಬರಬಹುದು, ಇಮ್ಯುನೋಥೆರಪಿಯಿಂದಲೂ ಬರಬಹುದು. ಎರಡರ ಲಕ್ಷಣವೂ ಒಣಕೆಮ್ಮು, ಏದುಸಿರು, ಸಣ್ಣ ಜ್ವರ. ವಿಕಿರಣ ಮುಗಿದು ಏಳು ವಾರಕ್ಕೆ ನನಗೆ ಕೆಮ್ಮು ಬಂತು. ಈ ಸಲ ನಾನೇ ಎರಡೂ ಫೈಲು ಹಿಡಿದುಕೊಂಡು, ಎರಡೂ ವಿಭಾಗದ ವೈದ್ಯರು ಒಟ್ಟಿಗೆ ಕೂರುವ ಮಂಗಳವಾರದ ಟ್ಯೂಮರ್ ಬೋರ್ಡಿಗೆ ನನ್ನ ವಿಷಯ ಹೋಗಬೇಕೆಂದು ಪಟ್ಟು ಹಿಡಿದೆ. ಸಿಟಿ ಸ್ಕ್ಯಾನಿನ ಚಿತ್ರವನ್ನು ವಿಕಿರಣದ ನಕ್ಷೆಯ ಮೇಲಿಟ್ಟು ನೋಡಿದರು: ಮಸುಕು ಇದ್ದದ್ದು ಎಡ ಶ್ವಾಸಕೋಶದ ಮುಂಭಾಗದಲ್ಲಿ, ಕಿರಣ ಹಾದುಹೋದ ಅಂಚಿನಲ್ಲಿ ಮಾತ್ರ, ಬಲಗಡೆ ತಿಳಿಯಾಗಿತ್ತು. ಔಷಧದ್ದಾಗಿದ್ದರೆ ಗೆರೆ ಕೊಯ್ದಂತೆ ಒಂದೇ ಕಡೆ ನಿಲ್ಲುವ ಸಂಭವ ಕಡಿಮೆ ಎಂದು ವಿವರಿಸಿದರು. ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿ ಆರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು, ಅಷ್ಟು ದಿನ ಪೆಂಬ್ರೊಲಿಜುಮ್ಯಾಬ್ ನಿಲ್ಲಿಸಿದರು, ಆಮೇಲೆ ಉಳಿದ ಡೋಸ್‌ಗಳನ್ನು ಪೂರೈಸಿದರು. ಇಡೀ ಹದಿನೈದು ತಿಂಗಳಲ್ಲಿ ಈ ಆಸ್ಪತ್ರೆಯ ಅತ್ಯುತ್ತಮ ಸೇವೆ ಯಾವುದೆಂದು ಕೇಳಿದರೆ ಆ ಮಂಗಳವಾರದ ನಲವತ್ತು ನಿಮಿಷಗಳನ್ನೇ ತೋರಿಸುತ್ತೇನೆ. ಅದೇ ಮೇಜಿನ ಸುತ್ತ ಅವರು ಏಪ್ರಿಲ್‌ನಲ್ಲಿ ಕೂತಿದ್ದರೆ ನನ್ನ ಥೈರಾಯ್ಡ್ ತೊಂದರೆ ಮೊದಲ ವಾರವೇ ಸಿಕ್ಕುತ್ತಿತ್ತು.

ಖರ್ಚಿನ ಮಾತು. ವಿಕಿರಣದ ಬಿಲ್ಲು ಒಮ್ಮೆ ಬಂದು ಮುಗಿಯುತ್ತದೆ. ಇಮ್ಯುನೋಥೆರಪಿಯದು ಮೂರು ವಾರಕ್ಕೊಮ್ಮೆ, ಲಕ್ಷಗಳಲ್ಲಿ, ಹದಿನೇಳು ಸಲ ಬರುತ್ತದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್ 1ರಿಂದ ಪೆಂಬ್ರೊಲಿಜುಮ್ಯಾಬ್‌ಗೆ ಮೂಲ ಸೀಮಾ ಸುಂಕದಿಂದ ಪೂರ್ಣ ವಿನಾಯಿತಿ ಕೊಟ್ಟಿದೆ, ಆದರೂ ಸಂಬಳದ ಮನೆಯೊಂದು ತಾನಾಗಿ ಹೊರಬಲ್ಲ ಭಾರ ಇದಲ್ಲ. ಇಬ್ಬರ ವಿಮೆ, ಔಷಧ ಕಂಪನಿಯ ರೋಗಿ ಸಹಾಯ ಯೋಜನೆ ಮತ್ತು ನಮ್ಮ ಯಜಮಾನರು ಮಾರಿದ ನಿವೇಶನ, ಇಷ್ಟು ಸೇರಿ ನಾವು ದಡ ಸೇರಿದೆವು. ಸಹಾಯ ಯೋಜನೆಯ ಅರ್ಜಿಯನ್ನು ಮೊದಲ ಡೋಸಿಗೆ ಮುಂಚೆಯೇ ತುಂಬಿಸಿದ ಡೇ ಕೇರ್‌ನ ಸಮಾಜಸೇವಾ ಸಿಬ್ಬಂದಿಯನ್ನು ಇಲ್ಲಿ ನೆನೆಯಲೇಬೇಕು. ಆಪರೇಷನ್ ವರದಿಯಲ್ಲಿ ನನಗೆ ಜೀವಂತ ಕ್ಯಾನ್ಸರ್ ಕೋಶ ಒಂದೂ ಉಳಿದಿರಲಿಲ್ಲ. ಅಂಥವರಿಗೆ ಆಮೇಲಿನ ಒಂಬತ್ತು ಡೋಸ್ ನಿಜವಾಗಿ ಬೇಕೇ ಎಂಬುದನ್ನು ಅಮೆರಿಕದಲ್ಲಿ ಪ್ರಯೋಗವೊಂದು ಪರೀಕ್ಷಿಸುತ್ತಿದೆ. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ, ಕೇವಲ 20 ಮಿಲಿಗ್ರಾಂ ಕೊಟ್ಟು ಆಯುಸ್ಸು ಹೆಚ್ಚಿದ್ದನ್ನು 2022ರಲ್ಲಿ ತೋರಿಸಿದ್ದಾರೆ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಈ ಔಷಧ ಎಟುಕಬೇಕಾದರೆ ಇಂಥ ಕೆಲಸಗಳೇ ದಾರಿ ಎಂದು ನನಗನ್ನಿಸುತ್ತದೆ.

ಈ ಚಿಕಿತ್ಸೆಯನ್ನು ಯಾರಿಗಾದರೂ ಸೂಚಿಸುವೆಯಾ ಎಂದು ಕೇಳಿದವರಿಗೆ ಹೌದು ಎಂದೇ ಹೇಳುತ್ತ ಬಂದಿದ್ದೇನೆ. ಟ್ರಿಪಲ್ ನೆಗೆಟಿವ್ ಎಂದು ಗೊತ್ತಾದವರು ಆಪರೇಷನ್ನಿಗೆ ಮುಂಚೆಯೇ ಇಮ್ಯುನೋಥೆರಪಿಯ ಬಗ್ಗೆ ಕೇಳಬೇಕು, ಏಕೆಂದರೆ ಕೀನೋಟ್-522ರ ಲಾಭ ಮೊದಲಿನಿಂದ ಕೊಟ್ಟದ್ದರಿಂದ ಬಂದದ್ದು. ಆಸ್ಪತ್ರೆಯನ್ನು ಆರಿಸುವಾಗ ಯಂತ್ರದ ಹೆಸರಿಗಿಂತ ಮೊದಲು, ವಿಕಿರಣದ ದಿನಗಳಲ್ಲಿ ನನ್ನ ರಕ್ತಪರೀಕ್ಷೆಯ ವರದಿಯನ್ನು ಯಾರು ನೋಡುತ್ತಾರೆ, ರಾತ್ರಿ ಕೆಮ್ಮು ಬಂದರೆ ಯಾವ ವಿಭಾಗಕ್ಕೆ ಫೋನ್ ಮಾಡಬೇಕು ಎಂಬುದನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. ಇಮ್ಯುನೋಥೆರಪಿಯ ತೊಡಕು ಕೊನೆಯ ಡೋಸ್ ಮುಗಿದು ತಿಂಗಳುಗಳಾದ ಮೇಲೂ ಬರಬಹುದಾದ್ದರಿಂದ ಔಷಧದ ಹೆಸರು ಬರೆದ ಕಾರ್ಡು ಇನ್ನೂ ನನ್ನ ಪರ್ಸಿನಲ್ಲಿದೆ, ತುಮಕೂರಿನ ನಮ್ಮ ಮನೆ ವೈದ್ಯರಿಗೂ ಅದರ ಪ್ರತಿ ಕೊಟ್ಟಿದ್ದೇನೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಮುಕ್ಕಾಲು ಗಂಟೆ ಮುಂಚೆ, ಬಹುಶಃ ಜೀವನಪೂರ್ತಿ. ಮುಂದಿನ ಮ್ಯಾಮೊಗ್ರಾಮ್ ದೀಪಾವಳಿಯ ನಂತರದ ವಾರದಲ್ಲಿದೆ. ಅಂದು ಹಸಿರು ಮತ್ತು ನೀಲಿ, ಎರಡೂ ಫೈಲುಗಳನ್ನು ಒಂದೇ ಚೀಲದಲ್ಲಿಟ್ಟು ಒಯ್ಯುತ್ತೇನೆ.